ಗೂಡಿನ ಗೋಡೆಗೆ ನಾನು ಹೊಡೆದ ಮೊಳೆ

ಹದಿನೆಂಟನೇ ವಯಸ್ಸಿಗೆ ನಿವೃತ್ತರಾದವರು ಬಸವಕಲ್ಯಾಣದಲ್ಲಿ ನನಗೆ ತಿಳಿದಂತೆ ಇಬ್ಬರೇ. ಒಂದು, ಕಿಲ್ಲೆಯ ಕಡೆ ಟಾಂಗಾ ಎಳೆಯುತ್ತಿದ್ದ ಬಿಳಿ ಕುದುರೆ. ಇನ್ನೊಬ್ಬಳು ನಾನು, ಪೂಜಾ. ಕುದುರೆ ತನ್ನ ವೃತ್ತಿಯ ಬಗ್ಗೆ ಏನನ್ನೂ ಬರೆದಿಡದೆ ಹೋಯಿತು. ಇದರಿಂದ ಹೊಸ ಕುದುರೆಗಳಿಗೆ ಆದ ತೊಂದರೆ ನನ್ನ ನಂತರ ಬಂದವರಿಗೆ ಆಗಬಾರದು ಎಂದು ಇಷ್ಟು ಬರೆಯುತ್ತಿದ್ದೇನೆ.

ನಮ್ಮೂರ ಹಳೇ ಮುಸಾಫಿರಖಾನೆಯ ರಂಗಮನೆಯಲ್ಲಿ ನಾನು ಮೂರು ವರ್ಷ ಮಾತು ಹೇಳಿಕೊಡುವ ಕೆಲಸ ಮಾಡಿದೆ. ವೇದಿಕೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತು, ನಟರು ಮಾತು ಮರೆತು ಬಾಯಿ ತೆರೆದು ನಿಂತಾಗ ಮೆಲ್ಲಗೆ ಮುಂದಿನ ಮಾತು ಹೇಳುವ ಕೆಲಸ. ಈಗ ಹುಮನಾಬಾದಿನ ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ, ಹಾಗಾಗಿ ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ನಾನೊಬ್ಬಳೇ ಮಾಡುತ್ತಿದ್ದುದಕ್ಕೆ ಇಬ್ಬರು ಬೇಕಾದರು ಎಂಬುದನ್ನು ಓದುವವರು ಸುಮ್ಮನೆ ದಾಟಿ ಹೋಗಬಾರದು.

ಮುಸಾಫಿರಖಾನೆ ನಿಜಾಮರ ಕಾಲದ ಕಟ್ಟಡ. ಹಿಂದೆ ದೂರದ ಪ್ರಯಾಣಿಕರು ತಂಗುತ್ತಿದ್ದರಂತೆ. ನಮ್ಮ ಕಾಲಕ್ಕೆ ಅಲ್ಲಿ ತಂಗುತ್ತಿದ್ದವು ಬಾವಲಿಗಳು ಮತ್ತು ಒಂದು ಮುದಿ ಕತ್ತೆ. ಅದನ್ನು ಸರಿಪಡಿಸಿ ನಾಟಕ, ಹಾಡು, ಚಿತ್ರಕಲೆಗೆಂದು ಊರಿಗೆ ಕೊಟ್ಟರು. ಸರಿಪಡಿಸಿದವರು ಖಾಜಾಮಿಯಾ. ಸುಣ್ಣದ ಗಚ್ಚಿನ ಕೆಲಸದಲ್ಲಿ ಈ ಭಾಗದಲ್ಲೇ ಅವರನ್ನು ಬಿಟ್ಟರಿಲ್ಲ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಗಾಣದಲ್ಲಿ ಅರೆದು ಅರೆದು ಗೋಡೆಗೆ ಮೆತ್ತಿದ್ದರು. ಒಂದು ಚಿಟಿಕೆ ಸಿಮೆಂಟನ್ನೂ ಆ ಕಟ್ಟಡದ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಾಟಕದ ಕಾಶೀನಾಥ ಮಾಸ್ತರರು ನನಗೆ ಪುಸ್ತಕ ಕೊಟ್ಟರು, ಖಾಜಾಮಿಯಾ ಒಂದು ಎಚ್ಚರಿಕೆ ಕೊಟ್ಟರು.

"ನೋಡು ಬೇಟಿ, ಈ ಗ್ವಾಡಿ ಉಸುರಾಡ್ತದ. ನೀರ ಕುಡೀತದ, ಬಿಸಲಿಗೆ ಬಿಡ್ತದ. ಇದಕ್ಕ ಒಂದ ಮೊಳಿ ಹೊಡದಿ ಅಂದ್ರ ನನ್ನ ಎದಿಗೇ ಹೊಡದಂಗ."

"ಆಯ್ತ್ರಿ ಚಾಚಾ, ನಿಮ್ಮ ಎದಿಗೂ ಹೊಡಿಯಂಗಿಲ್ಲ, ಗ್ವಾಡಿಗೂ ಹೊಡಿಯಂಗಿಲ್ಲ" ಎಂದೆ. ಆ ಮಾತಿನಲ್ಲಿ ಅರ್ಧವನ್ನು ಉಳಿಸಿಕೊಂಡಿದ್ದೇನೆ.

ನಾನು ಕೂರಬೇಕಾಗಿದ್ದುದು ವೇದಿಕೆಯ ಎಡಕ್ಕೆ ಗೋಡೆಯೊಳಗೇ ಇದ್ದ ಒಂದು ಗೂಡಿನಲ್ಲಿ. ಹಿಂದೆ ಅಲ್ಲಿ ನೀರಿನ ಹಂಡೆ ಇಡುತ್ತಿದ್ದರಂತೆ. ಹಂಡೆಗೆ ಮೊಣಕಾಲು ಇರುವುದಿಲ್ಲವಾದ್ದರಿಂದ ಅದಕ್ಕೆ ಆ ಜಾಗ ಸಾಕಾಗಿತ್ತು. ಮೊದಲ ವರ್ಷ ನಾನು ಮಾಡಿದ ಮುಖ್ಯ ತಪ್ಪು, ಬೆರಳಿಗೆ ಉಗುಳು ಹಚ್ಚಿ ಒಮ್ಮೆಗೇ ಎರಡು ಪುಟ ತಿರುವಿದ್ದು. ರಾಜನ ಪಾತ್ರದ ಗುಂಡಪ್ಪ ಕಾಕಾ ಹುಮನಾಬಾದಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವರು. ನಾನು ಏನು ಹೇಳಿದರೂ ಹಿಂದೆ ಮುಂದೆ ನೋಡದೆ ಒಪ್ಪಿಸುವವರು. ಮಂತ್ರಿ ಇನ್ನೂ ದ್ರೋಹ ಮಾಡಿಯೇ ಇರಲಿಲ್ಲ, ಅಷ್ಟರಲ್ಲಿ ರಾಜ "ನಿನ್ನ ದ್ರೋಹವನ್ನು ಕ್ಷಮಿಸಿದ್ದೇನೆ" ಎಂದುಬಿಟ್ಟ. ಮಂತ್ರಿಯ ಪಾತ್ರದವನು ಅಲ್ಲೇ ಕುಸಿದು ಕೂತ. ಜನ ಮಾತ್ರ ಎಂಥ ದೂರದೃಷ್ಟಿಯ ರಾಜ ಎಂದು ಚಪ್ಪಾಳೆ ತಟ್ಟಿದರು.

ಕೆಲಸದ ವಿಧಾನವೂ ಬದಲಾಗುತ್ತಾ ಬಂತು. ಮೊದಲು ಟಾರ್ಚನ್ನು ಕೈಯಲ್ಲಿ ಹಿಡಿಯುತ್ತಿದ್ದೆ. ಒಂದು ಕೈಗೆ ಟಾರ್ಚು, ಒಂದು ಕೈಗೆ ಪುಸ್ತಕ, ಸೊಳ್ಳೆ ಹೊಡೆಯಲು ಕೈ ಇಲ್ಲ. ನಂತರ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಬಾಯಲ್ಲಿ ಟಾರ್ಚಿಟ್ಟುಕೊಂಡು ಮಾತು ಹೇಳಿಕೊಟ್ಟರೆ ಶಕುಂತಲೆಗೂ ಸೋಮಶೇಖರನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಟಾರ್ಚನ್ನು ತೂಗುಹಾಕಲು ಒಂದು ಮೊಳೆ ಇದ್ದರೆ ಎಷ್ಟು ಸುಖ ಎಂಬ ಯೋಚನೆ ಬಂದದ್ದು ಆಗಲೇ.

ಜೂನ್ ತಿಂಗಳ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೊಡೆದೆ. ನಾಲ್ಕು ಏಟಿಗೆ ಮೊಳೆ ಅರ್ಧ ಹೋಗಿ ನಿಂತಿತು. ಐದನೆಯ ಏಟಿಗೆ ಅದು ಬಾಗಿತು, ಅಂಗೈಯಗಲ ಗಚ್ಚು ಕಳಚಿ ನನ್ನ ಮಡಿಲಿಗೇ ಬಿತ್ತು. ಮೊಳೆಯನ್ನು ಎಳೆದೆ, ಬರಲಿಲ್ಲ. ಹಲ್ಲಿನಿಂದ ಎಳೆಯಲು ನೋಡಿ ಹಲ್ಲಿನ ಮೇಲಿನ ಕಾಳಜಿಯಿಂದ ಬಿಟ್ಟೆ. ಮಂಠಾಳದಲ್ಲಿ ನಮ್ಮ ಸೋದರಮಾವ ಹೊಸ ಮನೆ ಕಟ್ಟುತ್ತಿದ್ದ. ಮರುದಿನವೇ ಅವನಲ್ಲಿಗೆ ಹೋಗಿ ಊಟದ ಡಬ್ಬಿಯಲ್ಲಿ ಬಿಳಿ ಸಿಮೆಂಟು ತುಂಬಿಕೊಂಡು ಬಂದೆ. ಮೊಳೆಯನ್ನು ಒಳಕ್ಕೆ ಬಡಿದು ಮಲಗಿಸಿ, ಅದರ ಮೇಲೆ ಚಮಚದಿಂದ ಸಿಮೆಂಟು ಮೆತ್ತಿ, ನನ್ನ ಕೈಚಳಕ ನೋಡಿ ನಾನೇ ತಲೆದೂಗಿದೆ. ಆ ಡಬ್ಬಿಯಲ್ಲಿ ಮಾರನೆಯ ದಿನ ಅವ್ವ ಕೊಟ್ಟ ಪುಂಡಿಪಲ್ಯ ಕಲ್ಲಾಗಿತ್ತು ಎಂದರೆ ನೀವು ನಂಬುವುದಿಲ್ಲ. ಸ್ವಲ್ಪ ಮಾತ್ರ ಆಗಿತ್ತು.

ಮಳೆಗಾಲ ಹಿಡಿಯಿತು. ಇಡೀ ಗೋಡೆ ನೀರು ಕುಡಿದು ಬಿಡುತ್ತಿತ್ತು, ನನ್ನ ತೇಪೆ ಮಾತ್ರ ಬಾಯಿ ಮುಚ್ಚಿ ಕೂತಿತ್ತು. ಆ ನೀರು ಹೊರಬರಲು ದಾರಿ ಕಾಣದೆ ತೇಪೆಯ ಸುತ್ತ ಸೇರಿತು. ಗಣೇಶ ಚೌತಿಯ ಹೊತ್ತಿಗೆ ಸುತ್ತಲಿನ ಗಚ್ಚು ಪೂರಿಯ ಹಾಗೆ ಉಬ್ಬಿ, ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಬಂತು. ನಾನು ಅದಕ್ಕೆ ಬೆನ್ನು ಆನಿಸಿ ಕೂರತೊಡಗಿದೆ. ಚಹಾಕ್ಕೆ ಕರೆದರೂ ಏಳಲಿಲ್ಲ. ಮಾಸ್ತರರು ಎಲ್ಲರ ಮುಂದೆ, "ಪೂಜಾನ್ನ ನೋಡಿ ಕಲೀರಿ. ಕುಂತ ಜಾಗಾ ಬಿಟ್ಟು ಏಳಂಗಿಲ್ಲ" ಎಂದು ಹೊಗಳಿದರು. ಮೂರು ವರ್ಷದಲ್ಲಿ ಅವರು ಹೊಗಳಿದ್ದು ಅದೊಂದೇ ಸಲ.

ಈಗ ರುಕ್ಮಾಬಾಯಿಯ ವಿಷಯ ಹೇಳಬೇಕು, ಯಾಕೆಂದರೆ ಮೊಳೆ ಹೋಗಿ ಹೊಕ್ಕಿದ್ದು ಅವಳ ಗೋಡೆಗೆ.

ರುಕ್ಮಾಬಾಯಿ ಮೋರಖಂಡಿಯವಳು. ಹೊಲದ ಕೂಲಿ ಮಾಡುತ್ತಿದ್ದವಳು ಮುಸಾಫಿರಖಾನೆಯ ಕೆಲಸಕ್ಕೆ ಸುಣ್ಣ ಅರೆಯಲು ಬಂದಳು. ಗಂಡಸರು ಕರಣಿ ಹಿಡಿದು ಗೋಡೆ ಮಾಡುವುದು, ಹೆಂಗಸರು ಅರೆದು ಹೊತ್ತು ಕೊಡುವುದು, ಅದೇ ಎಲ್ಲ ಕಡೆಯ ರೂಢಿ. ಎರಡು ವರ್ಷ ಅವಳ ಕಣ್ಣಳತೆಯನ್ನು ಗಮನಿಸಿದ ಖಾಜಾಮಿಯಾ ಒಂದು ದಿನ ತಮ್ಮ ಕರಣಿಯನ್ನೇ ಅವಳ ಕೈಗೆ ಕೊಟ್ಟು, ನನ್ನ ಗೂಡಿನ ಗೋಡೆಯನ್ನು ಅವಳಿಂದ ಮಾಡಿಸಿದರು. ಅವಳು ಮಾಡಿದ ಮೊದಲ ಗೋಡೆ ಅದು. ಕಟ್ಟಡ ಮುಗಿದ ಮೇಲೆ ಅವಳು ಅಲ್ಲೇ ನಾಟಕಕ್ಕೂ ಸೇರಿದಳು. ಓದು ಬರಹ ಬಾರದು. ನಾನು ಮೆಟ್ಟಿಲ ಮೇಲೆ ಕೂತು ಓದಿ ಹೇಳುತ್ತಿದ್ದೆ, ಅವಳು ಕೇಳಿ ಕಲಿಯುತ್ತಿದ್ದಳು. ಓದುವಾಗ ನಾನು ಒಂದು ಸಾಲು ನುಂಗಿದರೆ, "ನಡುವ ಏನೋ ತಿಂದಿ ಪೋರಿ, ಉಗುಳು" ಎನ್ನುತ್ತಿದ್ದಳು.

ಹುಮನಾಬಾದಿನಲ್ಲೂ ಒಂದು ಹಳೇ ಕಚೇರಿಯನ್ನು ಹೀಗೆಯೇ ಸರಿಪಡಿಸಿ ರಂಗಮನೆ ಮಾಡುವುದೆಂದು ಆಗಿತ್ತು. ಆ ಕೆಲಸ ಖಾಜಾಮಿಯಾಗೇ ಬಂದಿತ್ತು. ಕೆಲಸದವರ ಪಟ್ಟಿಯಲ್ಲಿ ಅವರು ರುಕ್ಮಾಬಾಯಿಯ ಹೆಸರನ್ನು ಕೂಲಿಯವರ ಸಾಲಿನಿಂದ ತೆಗೆದು ಮೇಸ್ತ್ರಿಗಳ ಸಾಲಿನಲ್ಲಿ ಬರೆಸಿದ್ದರು. ಅಕ್ಷರ ಬಾರದ ರುಕ್ಮಾಬಾಯಿ ಆ ಕಾಗದವನ್ನು ನನ್ನ ಹತ್ತಿರ ತಂದು, "ನನ್ನ ಹೆಸರ ಯಾವದು, ಬಟ್ಟಿಟ್ಟು ತೋರಸು" ಎಂದಿದ್ದಳು. ನಾನು ತೋರಿಸಿದೆ. ಅವಳು ಆ ಜಾಗದ ಮೇಲೆ ತನ್ನ ಬೆರಳಿಟ್ಟು ತುಸು ಹೊತ್ತು ಹಾಗೇ ಕೂತಿದ್ದಳು.

ಒಂದು ಬುಧವಾರ ಈ ಕೆಲಸಗಳ ಉಸ್ತುವಾರಿಯ ಇಂಜಿನಿಯರ್ ಸಾಹೇಬರು ಬಂದರು. ಹುಮನಾಬಾದಿನ ಕೆಲಸ ಶುರುವಾಗುವ ಮೊದಲು ಇಲ್ಲಿನ ಗೋಡೆಗಳು ಮಳೆಗಾಲ ಹೇಗೆ ತಡೆದವು ಎಂದು ನೋಡಬೇಕಿತ್ತು. ತಾಲೀಮು ನಡೆಯುತ್ತಿತ್ತು. ಅವರು ಒಂದು ನೀರಿನ ಬಾಟಲಿ ಹಿಡಿದು ಗೋಡೆಗೋಡೆಗೂ ಚಿಮುಕಿಸುತ್ತಾ ಬಂದರು. ಎಲ್ಲ ಕಡೆ ನೀರು ಗೋಡೆಯೊಳಗೆ ಇಂಗಿತು. ಅವರು ತಲೆಯಾಡಿಸುತ್ತಾ ಬಂದರು. ನನ್ನ ಗೂಡಿನವರೆಗೂ ಬಂದರು.

"ಸ್ವಲ್ಪ ಸರಿಯಮ್ಮ."

"ಕಾಲ ಜೋಮ ಹಿಡದಾವ್ರಿ ಸರ್. ಏಳ್ಲಾಕ ಬರವಲ್ದು" ಎಂದೆ.

ಮಾಸ್ತರರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನನ್ನ ಕಾಲು ಆ ಕ್ಷಣವೇ ಗುಣವಾಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದರು. ಸಾಹೇಬರು ನೀರು ಚಿಮುಕಿಸಿದರು. ನೀರು ಇಂಗದೆ ತೇಪೆಯ ಮೇಲೆ ಜಾರಿ ಕೆಳಗಿಳಿಯಿತು. ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಗೀರಿದರು. ಕಿರ್ರ್ ಎಂದಿತು, ಪುಡಿ ಬೀಳಲಿಲ್ಲ.

"ಖಾಜಾ ಮೇಸ್ತ್ರಿ, ಇದು ಸಿಮೆಂಟು."

ಖಾಜಾಮಿಯಾ ಬಂದು ಅದರ ಮೇಲೆ ಅಂಗೈ ಇಟ್ಟರು. ಅವರ ಮುಖ ನೋಡಲು ಧೈರ್ಯವಾಗದೆ ನಾನು ಅವರ ಚಪ್ಪಲಿ ನೋಡಿದೆ.

"ಹೌದ್ರಿ ಸಾಹೇಬ್ರ. ಸಿಮೆಂಟ್."

"ಈ ಗೂಡು ಯಾರ ಕೆಲಸ?"

ವೇದಿಕೆಯ ಮೇಲಿದ್ದ ರುಕ್ಮಾಬಾಯಿ ಅಜ್ಜಿಯ ವೇಷದ ಕೋಲು ಹಿಡಿದೇ ಕೆಳಗಿಳಿದು ಬಂದಳು.

"ನಂದ್ರಿ. ಗ್ವಾಡಿ ನಂದು. ಇದೊಂದು ಮಾತ್ರ ನನ್ನ ಕೈ ಅಲ್ರಿ."

"ಯಾರ ಕೈ ಅಂತ ಗೋಡೆ ಹೇಳುತ್ತೇನಮ್ಮ?"

"ಹೇಳ್ತದ್ರಿ. ನಾ ಇಷ್ಟ ಒಡ್ಡೊಡ್ಡಾಗಿ ಮೆತ್ತಂಗಿಲ್ಲ."

ಆ ಸಂಕಟದಲ್ಲೂ ನನಗೆ ಸ್ವಲ್ಪ ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಸಾಹೇಬರು ಕೆಟ್ಟವರಲ್ಲ, ಕಂಡದ್ದನ್ನು ನಂಬುವವರು. ಎಲ್ಲೋ ಗಚ್ಚು ಬಿದ್ದಿರಬೇಕು, ಹೊಸ ಕೈ ಗಾಬರಿಯಲ್ಲಿ ಸಿಮೆಂಟು ಮೆತ್ತಿ ಮುಚ್ಚಿರಬೇಕು ಎಂದುಕೊಂಡರು. ಮುಚ್ಚಿದವಳು ಅವರ ಮೊಣಕೈಗೆ ತಾಗಿಕೊಂಡೇ ನಿಂತಿದ್ದಳು.

"ಮೇಸ್ತ್ರಿ, ಬೇರೆ ಗೋಡೆಗಳು ಚೆನ್ನಾಗಿವೆ, ಹುಮನಾಬಾದಿನ ಕೆಲಸ ನಿಮ್ಮದೇ. ಪಟ್ಟಿಯಲ್ಲಿ ಈಕೆ ಹೆಸರು ಮೇಸ್ತ್ರಿಗಳ ಜೊತೆ ಬೇಡ. ಶನಿವಾರ ನಾಟಕಕ್ಕೆ ಬರ್ತೇನಲ್ಲ, ಆಗ ಬೇರೆ ಪಟ್ಟಿ ಕೊಡಿ, ಸಹಿ ಹಾಕ್ತೇನೆ."

ನನ್ನ ಮುಂದೆ ಮೂರು ದಿನ ಇತ್ತು. ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಊರಿನ ಅರ್ಧ ಜನರಿಗೆ ಮಾತು ಹೇಳಿಕೊಟ್ಟವಳಿಗೆ ತನ್ನ ಮಾತು ಬರಲಿಲ್ಲ.

ಗುರುವಾರ ಎಡಗೈಯಿಂದ ಹೆಸರಿಲ್ಲದ ಪತ್ರ ಬರೆದೆ. ಅಕ್ಷರ ಎಷ್ಟು ಕೆಟ್ಟಿತ್ತೆಂದರೆ ನನ್ನ ಬಲಗೈ ಅಕ್ಷರದಂತೆಯೇ ಇತ್ತು. ಹರಿದು ಹಾಕಿದೆ. ಅಂದು ತಾಲೀಮಿನಲ್ಲಿ ಗುಂಡಪ್ಪ ಕಾಕಾ ಎಲ್ಲರೂ ಕೇಳುವಂತೆ, "ಏನ್ರಿ ಮೇಸ್ತ್ರಿಬಾಯಾರ, ಸಿಮೆಂಟಿನ ಚೀಲ ಸೆರಗಿನ್ಯಾಗ ತಂದಿರೇನು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತದೆ ಎಂದು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ. ರುಕ್ಮಾಬಾಯಿ ನನ್ನತ್ತ ನೋಡಿದಳು. ಏನನ್ನೂ ಕೇಳುವ ನೋಟವಲ್ಲ ಅದು. ನಗುವವರಲ್ಲಿ ಇವಳೂ ಇದ್ದಾಳೆ ಎಂದು ಎಣಿಸಿಕೊಂಡಂತಿತ್ತು.

ಶುಕ್ರವಾರ ಮೆಟ್ಟಿಲ ಬಳಿ ಖಾಜಾಮಿಯಾ ಅವಳೊಂದಿಗೆ ಮಾತಾಡುವುದು ನನ್ನ ಕಿವಿಗೆ ಬಿತ್ತು. ಕಿವಿಗೆ ಬೀಳಲೆಂದೇ ನಾನು ಕಂಬದ ಹಿಂದೆ ನಿಂತಿದ್ದೆ.

"ರುಕ್ಮಾ, ಗಾಬರಿಯಾಗಿ ಮಾಡಿದ್ರ ಹೇಳಿಬಿಡು. ನಾ ಬೈಯಂಗಿಲ್ಲ. ಕಲಿಯೋ ಕೈ ತಪ್ಪತದ."

ಅವಳು ಕೆಳಗಿನ ಮೆಟ್ಟಿಲಿಗೆ ಸರಿದು ಕೂತಳು.

"ಉಸ್ತಾದ, ಸಾಹೇಬ ಕೇಳ್ದ, ಆತು. ಗುಂಡಪ್ಪ ಆಡಕೊಂಡ, ಅದೂ ಆತು. ನೀವೂ ಕೇಳಿದ್ರಿ."

ಖಾಜಾಮಿಯಾ ಎದ್ದು ಹೋದರು. ಅವರು ಕುಂಟುವವರಲ್ಲ, ಅಂದು ಕುಂಟಿದಂತೆ ಕಂಡಿತು. ನಾನು ಕಂಬದ ಹಿಂದಿನಿಂದ ಬಂದು ಹೇಳಿಬಿಡಬೇಕೆಂದು ಒಂದು ಹೆಜ್ಜೆ ಇಟ್ಟೆ. ಎರಡನೆಯ ಹೆಜ್ಜೆ ಮನೆಯ ಕಡೆ ಬಿತ್ತು.

ಶನಿವಾರ ಸಂಜೆ ಅಂಗಳ ತುಂಬಿತ್ತು. ಮಾಸ್ತರರೇ ಬರೆದ ನಾಟಕ. ಊರ ಬಾವಿಯನ್ನು ಮುಚ್ಚಬಾರದೆಂದು ಕೋರ್ಟಿಗೆ ಹೋಗುವ ಒಬ್ಬ ಅಜ್ಜಿಯ ಕಥೆ. ಅಜ್ಜಿ ರುಕ್ಮಾಬಾಯಿ, ನ್ಯಾಯಾಧೀಶರು ಗುಂಡಪ್ಪ ಕಾಕಾ. ಮೊದಲ ಸಾಲಿನಲ್ಲಿ ಇಂಜಿನಿಯರ್ ಸಾಹೇಬರು. ಅವರ ಹಿಂದೆ ಖಾಜಾಮಿಯಾ, ಕಿಸೆಯಲ್ಲಿ ಮಡಚಿದ ಹೊಸ ಪಟ್ಟಿ. ಮೇಲಿನ ಅಂಚು ಬಿಳಿಯಾಗಿ ಹೊರಗೆ ಕಾಣುತ್ತಿತ್ತು. ಅದನ್ನು ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ.

ಈ ವೃತ್ತಿಗೆ ಬರುವವರು ಒಂದು ನಿಯಮ ತಿಳಿದಿರಬೇಕು. ನಾಟಕ ನಡೆಯುವಾಗ ಮಾತು ಹೇಳಿಕೊಡುವವರು ಗೂಡು ಬಿಟ್ಟು ಏಳಬಾರದು. ಚೇಳು ಕಡಿದರೆ ಅಂಕ ಮುಗಿದ ಮೇಲೆ ಅಳಬೇಕು. ಅದರಲ್ಲೂ ಎರಡನೆಯ ಅಂಕದ ಕೋರ್ಟಿನ ದೃಶ್ಯ. ಅಜ್ಜಿಗೆ ಒಂದೇ ಉಸಿರಿಗೆ ನಾಲ್ಕು ಪುಟದ ಮಾತು. ಆ ಮೂರು ದಿನ ತಾಲೀಮಿನಲ್ಲಿ ರುಕ್ಮಾಬಾಯಿ ಅಲ್ಲಲ್ಲಿ ನಿಂತುಬಿಡುತ್ತಿದ್ದಳು. ನಾನು ಎತ್ತಿಕೊಟ್ಟ ಮೇಲೆಯೇ ಮುಂದೆ ಹೋಗುತ್ತಿದ್ದಳು.

ಅಜ್ಜಿ ಕಟಕಟೆಗೆ ಬಂದಳು. ಮೊದಲ ಪುಟ ಶುರುವಾಯಿತು. ಅಷ್ಟರಲ್ಲಿ ಸಾಹೇಬರ ಫೋನು ಮಿನುಗಿತು. ಅವರು ಬಗ್ಗಿ ಖಾಜಾಮಿಯಾಗೆ ಏನೋ ಹೇಳಿ ಎದ್ದರು. ಇಬ್ಬರೂ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಗೂಡಿನಿಂದ ಹೊರಗಿನ ಜೀಪು ಕಾಣುತ್ತಿತ್ತು. ಸಾಹೇಬರು ಪೆನ್ನು ತೆಗೆದದ್ದೂ ಕಾಣಿಸಿತು.

ಎದ್ದು ಹೋದರೆ ಇವಳು ನಡುವೆ ನಿಲ್ಲುತ್ತಾಳೆ, ಮುನ್ನೂರು ಕಣ್ಣುಗಳ ಮುಂದೆ. ಕೂತರೆ ಅಲ್ಲಿ ಸಹಿ ಬೀಳುತ್ತದೆ. ಪುಸ್ತಕವನ್ನು ಕೆಳಗಿಟ್ಟು ಎದ್ದೆ. ಪರದೆಯ ಪಕ್ಕ ನಿಂತಿದ್ದ ಮಾಸ್ತರರು ನನ್ನ ಜಡೆಗೆ ಕೈ ಹಾಕಿದರು. ಜಡೆಯ ರಿಬ್ಬನ್ನು ಅವರಲ್ಲೇ ಉಳಿಯಿತು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿತ್ತು.

"ಸಾಹೇಬ್ರ, ಸಹಿ ಮಾಡಬ್ಯಾಡ್ರಿ. ಆ ಸಿಮೆಂಟ್ ನಾ ಮೆತ್ತೀನ್ರಿ. ಟಾರ್ಚ್ ಹಾಕಲಾಕ ಮೊಳಿ ಹೊಡದಿದ್ದೆ."

ಸಾಹೇಬರು ಖಾಜಾಮಿಯಾರ ಮುಖ ನೋಡಿದರು, ನಂತರ ನನ್ನದು.

"ಆಕೆಯನ್ನ ಉಳಿಸೋಕೆ ಹೇಳ್ತಿದ್ದೀಯಾ?"

"ನಾ ಅಷ್ಟ ಒಳ್ಳ್ಯಾಕಿ ಅಲ್ರಿ ಸರ್. ಬೇಕಾದ್ರ ಮಾಸ್ತರ್‌ನ್ನ ಕೇಳ್ರಿ. ಮೊಳಿ ಇನ್ನಾ ಅದರೊಳಗೇ ಅದ. ಕೆತ್ತಿ ನೋಡ್ರಿ."

ಖಾಜಾಮಿಯಾ ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಅವರು ಕಾಗದವನ್ನು ಬಾನೆಟ್ಟಿನಿಂದ ಎತ್ತಿ ನಿಧಾನವಾಗಿ ಮಡಚಿದರು.

"ನಾಟಕ ಮುಗೀಲಿ ಸಾಹೇಬ್ರ. ಗ್ವಾಡಿ ಎಲ್ಲಿಗೂ ಓಡಿ ಹೋಗಂಗಿಲ್ಲ." ನನ್ನ ಕಡೆ ತಿರುಗಿ, "ನೀ ನಿನ್ನ ಜಾಗಕ್ಕ ಹೋಗು" ಎಂದರು. ಬೇಟಿ ಎನ್ನಲಿಲ್ಲ.

ನಾನು ಓಡಿ ಬಂದೆ. ಒಳಗೆ ಗದ್ದಲ ಕೇಳಿಸುತ್ತದೆ, ಜನ ಸಿಳ್ಳೆ ಹೊಡೆಯುತ್ತಿರುತ್ತಾರೆ ಎಂದುಕೊಂಡೇ ಬಂದೆ. ಒಳಗೆ ರುಕ್ಮಾಬಾಯಿಯ ಧ್ವನಿ ಒಂದೇ ಇತ್ತು. ಮೂರನೆಯ ಪುಟ ಮುಗಿದು ನಾಲ್ಕನೆಯದರಲ್ಲಿದ್ದಳು. ಒಂದಕ್ಷರ ತಪ್ಪಿರಲಿಲ್ಲ. ನ್ಯಾಯಾಧೀಶರು ಮರೆತು ಕಣ್ಣು ಬಿಟ್ಟಾಗ, "ನೀವು ಹೀಂಗ ಕೇಳಬೇಕಂತೀರಿ, ಹೌದಲ್ಲೋ ಸ್ವಾಮಿ" ಎಂದು ಅವರ ಮಾತನ್ನೂ ತಾನೇ ಎತ್ತಿಕೊಟ್ಟಳು. ತಾಲೀಮಿನಲ್ಲಿ ಅಷ್ಟು ಸಲ ಯಾಕೆ ನಿಲ್ಲುತ್ತಿದ್ದಳು ಎಂದು ನನಗೆ ಆಗ ಅರ್ಥವಾಯಿತು. ಮರೆವಿನಿಂದಲ್ಲ. ನೋವಿನಿಂದ.

ಜನ ಹೋದ ಮೇಲೆ ಖಾಜಾಮಿಯಾ ತೇಪೆ ಕೆತ್ತಿದರು. ಬಾಗಿದ ಮೊಳೆ ಕೆಳಗೆ ಬಿದ್ದು ಟಣ್ ಎಂದಿತು. ಸಾಹೇಬರು ಅದನ್ನು ಎತ್ತಿ ನೋಡಿ, ಹೊಸ ಪಟ್ಟಿ ಹರಿದು, "ಹಳೇ ಪಟ್ಟಿನೇ ಇರಲಿ" ಎಂದರು. ರುಕ್ಮಾಬಾಯಿಗೆ ಕೈ ಮುಗಿದರು. ಗುಂಡಪ್ಪ ಕಾಕಾ ತಮ್ಮ ಮೀಸೆ ಅಂಟಿಸಿದ ಗೋಂದನ್ನು ಬಹಳ ಶ್ರದ್ಧೆಯಿಂದ ಕೀಳತೊಡಗಿದರು.

ರುಕ್ಮಾಬಾಯಿ ಅಜ್ಜಿಯ ಬಿಳಿಗೂದಲು ತೆಗೆದು ನನ್ನ ಹತ್ತಿರ ಬಂದಳು.

"ಅಂದ್ರ ಮೂರ ದಿನ ನೀ ಇಲ್ಲೇ ಕುಂತು ನೋಡಾಕತ್ತಿದ್ದಿ."

"ಹೌದಕ್ಕ."

"ಗುಂಡಪ್ಪ ಅಂದಾಗ ನಕ್ಕಿದ್ದಿ."

"ಹೌದು."

ಇನ್ನೂ ಏನಾದರೂ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಅದನ್ನು ಇಲ್ಲಿ ಹತ್ತು ಪಟ್ಟು ಹಿಗ್ಗಿಸಿ ಬರೆದು ನಿಮ್ಮನ್ನು ನಗಿಸಬಹುದಿತ್ತು. ಅವಳು ಬೈಯಲಿಲ್ಲ.

ಗೋಡೆಯನ್ನು ನಾನೇ ಸರಿಪಡಿಸಬೇಕು, ರುಕ್ಮಾಬಾಯಿ ಒಪ್ಪುವವರೆಗೆ ಅಲ್ಲಿ ನಾಟಕವಿಲ್ಲ, ಅವಳು ಹುಮನಾಬಾದಿಗೂ ಹೋಗುವುದಿಲ್ಲ ಎಂದು ಖಾಜಾಮಿಯಾ ತೀರ್ಪು ಕೊಟ್ಟರು. ಗಾಣ ತಿರುಗಿಸಿದೆ. ಸುಣ್ಣದಿಂದ ಬೆರಳು ಸುಲಿದವು. ಮೆತ್ತಿದೆ, ಒದ್ದೆ ಗೋಣಿತಟ್ಟು ಕಟ್ಟಿದೆ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಒಣಗಿದ ಮೇಲೆ ರುಕ್ಮಾಬಾಯಿ ಬಂದು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಗೋಡೆಗೆ ಕಿವಿಯಿಟ್ಟು ಕೇಳಿದಳು.

"ಒಳಗ ಪೊಳ್ಳ ಅದ. ಕೆತ್ತು."

ಕೆತ್ತಿದೆ. ಮತ್ತೆ ಮೆತ್ತಿದೆ. ಎರಡನೆಯ ಸಲವೂ ಅದೇ ಒಂದು ಮಾತು. "ಕೆತ್ತು." ಅಷ್ಟು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ್ದು ಅಷ್ಟೇ. ಮೂರನೆಯ ಸಲ ಸುಣ್ಣ ಅರೆಯುವಾಗ ನನಗೆ ಹೇಳಲು ಒಂದು ತಮಾಷೆಯೂ ಉಳಿದಿರಲಿಲ್ಲ. ಸುಮ್ಮನೆ ಅರೆದೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅವಳು ಬಂದು ಬಡಿದಳು. ಮೇಲೆ, ಕೆಳಗೆ, ಅಂಚಿನ ಸುತ್ತ. ಕಿವಿಯಿಟ್ಟು ಬಹಳ ಹೊತ್ತು ನಿಂತಳು. ನಾನು ಕೆತ್ತುವ ಉಳಿಯನ್ನು ಕೈಗೆತ್ತಿಕೊಂಡೆ.

"ಇಡು ಅದನ್ನ" ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನೋಡದೆಯೇ ಹೇಳಿದಳು. "ಸಂಜಿಗೆ ತಾಲೀಮ ಅದ. ಲಗೂ ಬಾ. ಕೋರ್ಟಿನ ಮಾತಿನ್ಯಾಗ ನನಗ ಒಂದೆರಡ ನೆಪ್ಪ ಇರಂಗಿಲ್ಲ."

ನಾಲ್ಕು ಪುಟವೂ ಅವಳಿಗೆ ಬಾಯಿಪಾಠವಿತ್ತು. ನಾನು ತಾಲೀಮಿಗೆ ಒಂದು ತಾಸು ಮೊದಲೇ ಹೋಗಿ ಗೂಡಿನಲ್ಲಿ ಕೂತೆ.